ಲೆಕ್ಕ ಕೇಳದ ನಲವತ್ತು ಡಾಲರ್

ಅಮೆರಿಕಕ್ಕೆ ಬಂದ ಮೊದಲ ವಾರದಲ್ಲೇ ನಮ್ಮಪ್ಪ 84ರ ಮಗ್ಗಿ ಕಲಿತುಬಿಟ್ಟರು. ಕೆ.ಆರ್. ನಗರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರಿಗೆ ಅದೇನೂ ದೊಡ್ಡ ಕೆಲಸವಲ್ಲ. ಪೇಚಾಟವೆಲ್ಲ ನಮ್ಮದು. ಅಂಗಡಿಯಲ್ಲಿ ಎರಡು ಡಾಲರಿನ ಕೊತ್ತಂಬರಿ ಸೊಪ್ಪು ಕೈಗೆತ್ತಿಕೊಂಡರೆ ಸಾಕು, "ನೂರಾ ಅರವತ್ತೆಂಟು ರೂಪಾಯಿ ಕಣೋ!" ಎಂದು ಹಿಂದಿನಿಂದ ದನಿ ಬರುತ್ತಿತ್ತು. ಕಟಿಂಗ್ ಶಾಪಿನ ಬೋರ್ಡಿನಲ್ಲಿ 25 ಡಾಲರ್ ಎಂದು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಕೊನೆಗೆ ನಾನೇ ಟ್ರಿಮ್ಮರ್ ಹಿಡಿದು, ಬಾಲ್ಕನಿಯಲ್ಲಿ ಕೂರಿಸಿ ಅವರ ಕೂದಲು ಕತ್ತರಿಸಿದೆ.

ಇದು 2024ರ ನವೆಂಬರ್ ಮಾತು. ಪ್ರಾಜೆಕ್ಟ್ ಕೆಲಸದ ಮೇಲೆ ನಾವಾಗ ಫ್ಲೋರಿಡಾದ ಟ್ಯಾಂಪಾದಲ್ಲಿದ್ದೆವು. ಅಲ್ಲಿಂದ ಒರ್ಲ್ಯಾಂಡೊ ಪಕ್ಕದ ಡಿಸ್ನಿ ವರ್ಲ್ಡ್‌ಗೆ ಕಾರಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಅಪ್ಪ, ಅಮ್ಮ ಇಷ್ಟು ದೂರ ಬಂದು ಅದನ್ನು ನೋಡದೆ ಹೋದರೆ ಹೇಗೆ ಎಂದು ನನ್ನ ಹೆಂಡತಿ ಹಟ ಹಿಡಿದಳು. ದೀಪಾವಳಿ ಮುಗಿದ ವಾರ, ವೀಕೆಂಡ್ ಜನಜಂಗುಳಿ ಬೇಡ ಅಂತ ವಾರದ ಮಧ್ಯೆ ಒಂದು ದಿನ ರಜೆ ಹಾಕಿದೆ.

ಡಿಸ್ನಿ ವರ್ಲ್ಡ್ ಅಂದರೆ ಒಂದೇ ಪಾರ್ಕ್ ಅಲ್ಲ. 1971ರ ಅಕ್ಟೋಬರಿನಲ್ಲಿ ಶುರುವಾದ ಮ್ಯಾಜಿಕ್ ಕಿಂಗ್‌ಡಮ್ ಮೊದಲನೆಯದು. ಆಮೇಲೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎನ್ನುವ ಪಾರ್ಕ್, 1998ರಲ್ಲಿ ಅನಿಮಲ್ ಕಿಂಗ್‌ಡಮ್. ಒಂದು ದಿನಕ್ಕೆ ಒಂದು ಪಾರ್ಕ್ ನೋಡಿದರೇ ಕಾಲು ಸೋಲುತ್ತದೆ. ನಮ್ಮ ಪುಟ್ಟಿಗೆ ಮೂರು ದಾಟಿ ಎರಡು ತಿಂಗಳಾಗಿತ್ತು. ಹಾಗಾಗಿ ಕೋಟೆ, ರಾಜಕುಮಾರಿಯರು ಇರುವ ಮ್ಯಾಜಿಕ್ ಕಿಂಗ್‌ಡಮ್ಮೇ ಸರಿ ಎಂದುಕೊಂಡೆವು.

ಆ ಎರಡು ತಿಂಗಳು ನಮಗೆ ದುಬಾರಿಯಾಯಿತು. ಅಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಪುಕ್ಕಟೆ. ಮೂರರಿಂದ ಒಂಬತ್ತಕ್ಕೆ ಮಕ್ಕಳ ಟಿಕೆಟ್ ಅಂತ ಇದೆ, ಆದರೆ ದೊಡ್ಡವರದಕ್ಕಿಂತ ಕೆಲವೇ ಡಾಲರ್ ಕಡಿಮೆ. "ಅರ್ಧ ಟಿಕೆಟ್ ಇಲ್ವೇನೋ?" ಎಂದರು ಅಪ್ಪ. "ನಮ್ಮ ಕೆಂಪು ಬಸ್ಸೇ ವಾಸಿ." ತೆರಿಗೆ ಸೇರಿ ಐವರಿಗೆ ಸುಮಾರು 900 ಡಾಲರ್ ಆಯಿತು. ಅದನ್ನು 84ರಿಂದ ಗುಣಿಸಿದರೆ 75,600 ರೂಪಾಯಿ. ಇದನ್ನು ಅಪ್ಪನಿಗೆ ಹೇಳಿದರೆ ಅವರು ಕಾರಿನಿಂದ ಇಳಿಯುವುದೇ ಇಲ್ಲ. "ನಮ್ಮ ಕಂಪನಿಯವರಿಗೆ ಡಿಸ್ಕೌಂಟ್ ಇದೆ ಅಪ್ಪ, ತಲೆಗೆ 25 ಡಾಲರ್ ಅಷ್ಟೆ" ಎಂದುಬಿಟ್ಟೆ. ಪರದೇಶದಲ್ಲಿರುವ ಮಕ್ಕಳೆಲ್ಲ ಹೇಳುವ ಸುಳ್ಳೇ ಅದು.

ಟಿಕೆಟ್ ಖರ್ಚಿನಲ್ಲಿ ನಾವು ಮಾಡುವಂಥದ್ದು ಏನೂ ಇರುವುದಿಲ್ಲ, ಕೊಟ್ಟು ಸುಮ್ಮನಾಗಬೇಕು. ಒಮ್ಮೆ ಒಳಗೆ ಹೋದರೆ ಆಟಗಳಿಗೆ ಬೇರೆ ದುಡ್ಡಿಲ್ಲ, ನಮ್ಮ ಬಿಡದಿ ಹತ್ತಿರದ ವಂಡರ್‌ಲಾದ ಹಾಗೆಯೇ. ಜೇಬು ಸೋರುವುದು ಉಳಿದದ್ದಕ್ಕೆ: ನೀರು, ಐಸ್‌ಕ್ರೀಂ, ಬಲೂನು, ಬೊಂಬೆ, ಟೋಪಿ. ಹಾಗಾಗಿ ಒಂದು ಶೀಟ್ ಮಾಡಿದೆ. ಪಾರ್ಕಿಂಗ್ 30, ಪೆಟ್ರೋಲ್ 20, ಊಟ 80, ಕೈಖರ್ಚು 200, ಆಪತ್ತಿಗೆ 50. ಪ್ರತಿ ಸಾಲಿನ ಮುಂದೆ "ಯಾರು", "ಏನು", "ಎಷ್ಟು" ಎಂದು ಮೂರು ಕಾಲಂ. ಹೆಂಡತಿ ನೋಡಿ ನಕ್ಕಳು. "ಇದು ಟ್ರಿಪ್ಪೋ, ಆಫೀಸ್ ಆಡಿಟ್ಟೋ?"

ಆ 200 ಡಾಲರನ್ನು ಐದು ಪಾಲು ಮಾಡಿ, ತಲೆಗೆ 40ರಂತೆ ಕವರಿಗೆ ಹಾಕಿದೆ. ಕವರು ಅಮ್ಮ ಊರಿಂದ ತಂದಿದ್ದವು. ಮದುವೆಗೆ ಮುಯ್ಯಿ ಕೊಡುವ, ಮೇಲೊಂದು ರೂಪಾಯಿ ನಾಣ್ಯ ಅಂಟಿಸಿದ ಕವರುಗಳು. ಇಲ್ಲಿ ಯಾರ ಮದುವೆಗೆ ಅಂತ ತಂದರೋ ಗೊತ್ತಿಲ್ಲ. ಅಪ್ಪ ತಮ್ಮ ಕವರ್ ತೆರೆದು ಎಣಿಸಿ, "ಮೂರು ಸಾವಿರದ ಮುನ್ನೂರ ಅರವತ್ತು" ಎಂದರು. ಮತ್ತೆ ಮಡಚಿ ಷರ್ಟಿನ ಒಳಜೇಬಿಗೆ ಇಟ್ಟುಕೊಂಡರು.

ಆ ದಿನ ಚೆನ್ನಾಗಿಯೇ ಕಳೆಯಿತು. ಕಾರು ನಿಲ್ಲಿಸಿ, ಕೆರೆಯಂಥ ದೊಡ್ಡ ನೀರು ದಾಟಲು ಮೋನೋರೈಲು ಹತ್ತಿದೆವು. ದೋಣಿಯೂ ಇದೆ, ಎರಡಕ್ಕೂ ದುಡ್ಡಿಲ್ಲ. ಬ್ಯಾಗ್ ತಪಾಸಣೆಯಲ್ಲಿ ಪುಳಿಯೋಗರೆ, ಚಪಾತಿ, ಕೋಡುಬಳೆ ಡಬ್ಬಿಗಳನ್ನು ಕಂಡು ಅಮ್ಮನಿಗೆ ಎದೆ ಡವಡವ. ಆದರೆ ಅಲ್ಲಿ ಮನೆ ಊಟ ಒಯ್ಯಲು ಬಿಡುತ್ತಾರೆ, ಗಾಜಿನ ಪಾತ್ರೆ ಮತ್ತು ಮದ್ಯ ಮಾತ್ರ ಕೂಡದು. ನೀರಿನ ಬಾಟಲಿಗೂ ದುಡ್ಡು ಸುರಿಯಬೇಕಿಲ್ಲ. ತಿಂಡಿ ಕೌಂಟರ್‌ಗಳಲ್ಲಿ ಕೇಳಿದರೆ ಲೋಟದಲ್ಲಿ ಐಸ್ ಹಾಕಿದ ನೀರು ಪುಕ್ಕಟೆ ಕೊಡುತ್ತಾರೆ. ಊಟದ 80 ಡಾಲರಿನಲ್ಲಿ ನಮಗೆ ಅರ್ಧದಷ್ಟು ಉಳಿಯಿತು.

ಕಷ್ಟ ಇದ್ದದ್ದು ಪುಟ್ಟಿಯ ಜೊತೆ. ಕೆಲವು ಆಟ ಮುಗಿಸಿ ಹೊರಬರುವ ದಾರಿ ನೇರ ಅಂಗಡಿಯೊಳಗೇ ಇರುತ್ತದೆ. ವಿನ್ನಿ ದ ಪೂ ಕರಡಿಯ ಗಾಡಿಯಿಂದ ಇಳಿದರೆ ಎದುರಿಗೆ ನೂರಾರು ಪೂ ಕರಡಿಗಳು, ಅದೂ ಮಗುವಿನ ಕೈಗೆಟಕುವ ಎತ್ತರದಲ್ಲಿ! ಅವಳು ಅಲ್ಲೇ ಕೂತು ಅಳಲು ಶುರುಮಾಡಿದಳು. ಹೆಂಡತಿ ಉಪಾಯ ಮಾಡಿದಳು. "ಫೋಟೊ ತೆಗೆದು ಇಟ್ಕೊಳ್ಳೋಣ ಪುಟ್ಟಿ, ಸಾಯಂಕಾಲ ಎಲ್ಲ ನೋಡಿ ಒಂದು ತಗೊಳ್ಳೋಣ." ಕರಡಿ, ಬಲೂನು, ಗುಳ್ಳೆ ಬಿಡುವ ಕೋಲು, ಹೀಗೆ ಏಳು ಫೋಟೊ ಸೇರಿದವು. ಸಾಯಂಕಾಲ ತೋರಿಸಿದಾಗ ಆರು ಅವಳಿಗೆ ಮರೆತೇ ಹೋಗಿದ್ದವು. ಏಳನೆಯದು, ಬಲೂನು, ತೆಗೆದುಕೊಟ್ಟೆವು. ಮಕ್ಕಳಿರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಇನ್ನೊಂದು, ಅಲ್ಲಿ ಚೀಟಿಯಲ್ಲಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಹೆಂಡತಿಯ ಮಿಕ್ಕಿ ಕಿವಿ ಪಟ್ಟಿಯ ಮೇಲೆ 34.99 ಎಂದಿತ್ತು. ಶೇ. 6.5 ತೆರಿಗೆ ಸೇರಿ ಕೊಟ್ಟದ್ದು 37.26. ಊರಿಂದ ಬಂದು ಭಾರತದ ಕಾರ್ಡ್ ಉಜ್ಜುವವರಾದರೆ, ಬ್ಯಾಂಕು ವಿದೇಶಿ ವಹಿವಾಟಿಗೆ ಹಾಕುವ ಶುಲ್ಕವನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಮಧ್ಯಾಹ್ನ ಪುಟ್ಟಿ ಗಾಡಿಯಲ್ಲೇ ನಿದ್ದೆಹೋದಳು. "ಸ್ವಲ್ಪ ಓಡಾಡ್ಕೊಂಡು ಬರ್ತೀನಿ" ಎಂದು ಅಪ್ಪ ಒಬ್ಬರೇ ಎದ್ದು ಹೋದರು. ಮುಕ್ಕಾಲು ಗಂಟೆಯ ಮೇಲೆ ಬರಿಗೈಯಲ್ಲಿ ವಾಪಸ್ಸು ಬಂದರು. ಮುಖ ಮಾತ್ರ ಗೆಲುವಾಗಿತ್ತು. ಆಮೇಲೆ 1917ರಲ್ಲಿ ಮಾಡಿದ್ದೆಂಬ ಹಳೆಯ ಮರದ ಕುದುರೆಗಳ ತಿರುಗಣೆಯಲ್ಲಿ ಮೊಮ್ಮಗಳ ಪಕ್ಕದ ಕುದುರೆ ಹತ್ತಿ ಕೂತರು. ರಾತ್ರಿ ಕೋಟೆಯ ಮೇಲೆ ಪಟಾಕಿ ಸಿಡಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಬೇರೆ ದುಡ್ಡು ಕೊಡಬೇಕೇನೋ?" ಇಲ್ಲ ಎಂದ ಮೇಲೆ ನೆಮ್ಮದಿಯಾಗಿ ತಲೆಯೆತ್ತಿ ನೋಡಿದರು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಶೀಟ್ ತೆರೆದೆ. ಅಪ್ಪನದು ಸಕ್ಕರೆಯಿಲ್ಲದ ಕಾಫಿ, ಹತ್ತು ವರ್ಷದಿಂದ ಶುಗರ್. ನನ್ನದು, ಹೆಂಡತಿಯದು, ಪುಟ್ಟಿಯದು ತುಂಬಿದೆ. ಅಮ್ಮ ಫ್ರಿಜ್ಜಿಗೆ ಅಂಟಿಸುವ ಗೊಂಬೆಗೆ 12 ಡಾಲರ್ ಕೊಟ್ಟಿದ್ದರು. "ಉಳಿದದ್ದು ಸಾಸಿವೆ ಡಬ್ಬಿಗೆ ಹಾಕಿದೀನಿ" ಎಂದರು. ಟ್ಯಾಂಪಾದ ಅಡುಗೆಮನೆಯಲ್ಲೂ ಅವರಿಗೊಂದು ಸಾಸಿವೆ ಡಬ್ಬಿ!

"ಅಪ್ಪಾ, ನಿಮ್ಮದು?"

"ಖರ್ಚಾಯ್ತು."

"ಎಷ್ಟು?"

"ಪೂರ್ತಿ."

"ಯಾವುದಕ್ಕೆ?"

ಅಪ್ಪ ಕಾಫಿ ಲೋಟ ನೋಡುತ್ತಾ ಕೂತರು. ನಾನು ಅಲ್ಲಿಗೆ ಬಿಡಬೇಕಿತ್ತು. ಆದರೆ ಟೋಟಲ್ ತಾಳೆಯಾಗದಿದ್ದರೆ ನನಗೆ ಟೆಸ್ಟ್ ಫೇಲ್ ಆದ ಹಾಗೆ, ಕೈ ಸುಮ್ಮನಿರುವುದಿಲ್ಲ. "ರಸೀದಿ ಏನಾದ್ರೂ ಇದ್ಯಾ ಅಪ್ಪ? ಸುಮ್ನೆ, ಎಂಟ್ರಿ ಮಾಡೋಕೆ" ಎಂದೆ.

ಅಪ್ಪ ಲೋಟ ಕೆಳಗಿಟ್ಟರು. "ನಿನ್ನೆ ಆ ರೈಲಿನ ಕ್ಯೂನಲ್ಲಿ ಹೈದರಾಬಾದಿನವರೊಬ್ಬರು ಸಿಕ್ಕಿದ್ರು. ಟಿಕೆಟ್ ಎಷ್ಟು ಅಂತ ಅವರು ಹೇಳಿದ್ರು. ನೀನು ಹೇಳಿದ ಇಪ್ಪತ್ತೈದರ ಲೆಕ್ಕ ನಾನು ಕೇಳಿದ್ನೇನೋ?" ಎಂದರು. ದನಿ ಏರಿಸಲಿಲ್ಲ. ಎದ್ದು ಬಾಲ್ಕನಿಗೆ ಹೋದರು. ಅಮ್ಮ ನನ್ನನ್ನೊಮ್ಮೆ ನೋಡಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆ ದಿನವೆಲ್ಲ ಆಫೀಸಿನಲ್ಲಿ ಕೂತರೂ ನನಗೆ ನೆನಪಾಗುತ್ತಿದ್ದದ್ದು ಮೈಸೂರಿನ ದಸರಾ ವಸ್ತುಪ್ರದರ್ಶನ. ಆಗ ನಾನು ನಾಲ್ಕನೇ ಕ್ಲಾಸು. ಪ್ರತಿ ವರ್ಷ ಅಪ್ಪ ದೊಡ್ಡಕೆರೆ ಮೈದಾನಕ್ಕೆ ಕರೆದುಕೊಂಡು ಹೋಗಿ, ಗೇಟಿನ ಒಳಗೆ ಬರುತ್ತಿದ್ದ ಹಾಗೆಯೇ ನನಗೂ ಅಕ್ಕನಿಗೂ ತಲಾ 20 ರೂಪಾಯಿ ಕೊಡುತ್ತಿದ್ದರು. ಜೈಂಟ್ ವೀಲ್, ಹಪ್ಪಳ, ಮೆಣಸಿನಕಾಯಿ ಬಜ್ಜಿ ಅವರ ಖರ್ಚು. ಆ 20 ರೂಪಾಯಿ ನಮ್ಮದು. ಆ ವರ್ಷ ನಾನು 15 ರೂಪಾಯಿಗೆ, ಬತ್ತಿ ಹಚ್ಚಿ ನೀರಿಗೆ ಬಿಟ್ಟರೆ ಪಟಪಟ ಅಂತ ಓಡುವ ತಗಡಿನ ದೋಣಿ ತಗೊಂಡೆ. ಮನೆಗೆ ಬಂದು ಬಕೆಟ್ಟಿಗೆ ಬಿಟ್ಟರೆ ಸೀದಾ ಮುಳುಗಿತು. "ಹದಿನೈದು ರೂಪಾಯಿ ನೀರಿಗೆ ಹಾಕಿದ" ಎಂದು ಅಕ್ಕ ಚಾಡಿ ಹೇಳಿದಳು. ಅಪ್ಪ ಪೇಪರ್ ಓದುತ್ತಲೇ, "ಅದು ಅವನ ದುಡ್ಡು" ಎಂದರು. ಅಷ್ಟೆ.

ಹಾಗಂತ ಅವರು ಲೆಕ್ಕ ಇಡದವರಲ್ಲ. ಹಾಲು, ಸೊಪ್ಪು, ಬಸ್ ಚಾರ್ಜು, ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಿದ್ದರು. ಆ ಡೈರಿಗಳು ಊರ ಮನೆಯ ಅಟ್ಟದಲ್ಲಿ ಈಗಲೂ ಇವೆ, ನಾನು ತೆರೆದು ನೋಡಿದ್ದೇನೆ. ದಸರಾ ಪುಟದಲ್ಲಿ ಬಜ್ಜಿಯ ರೇಟಿನ ಸಮೇತ ಎಲ್ಲ ಇದೆ. ನಮ್ಮ ಹೆಸರಿನ ಮುಂದೆ ಮಾತ್ರ "ಕೈಖರ್ಚು 20" ಎಂದು ಒಂದೇ ಸಾಲು.

ಇಲ್ಲಿಗೆ ಬಂದ ಮೇಲೆ ಅವರಿಗೆ ಕಾರಿಲ್ಲ, ಬ್ಯಾಂಕ್ ಕಾರ್ಡಿಲ್ಲ, ನಡೆದುಹೋಗಿ ಬರುವಷ್ಟು ದೂರದಲ್ಲಿ ಒಂದು ಅಂಗಡಿಯಿಲ್ಲ. ಊರಿನಲ್ಲಿ ಪೆನ್ಷನ್ ದುಡ್ಡಿನಲ್ಲಿ ದಿನಾ ಸಾಯಂಕಾಲ ಗೆಳೆಯರಿಗೆ ಬೈಟೂ ಕಾಫಿ ಕೊಡಿಸುವ ಮನುಷ್ಯ, ಇಲ್ಲಿ ಒಂದು ಬಾಳೆಹಣ್ಣು ಬೇಕಾದರೂ ನನ್ನನ್ನು ಕೇಳಬೇಕು. ದುಬಾರಿ, ಬೇಡ ಎಂದು ಅವರು ಹೇಳುತ್ತಿದ್ದ ಎಷ್ಟೋ ಸಲ ನಿಜವಾಗಿ ಕೇಳಲು ಮುಜುಗರವಾಗಿ ಹೇಳುತ್ತಿದ್ದರೇನೋ. ಎರಡು ತಿಂಗಳಲ್ಲಿ ಮೊದಲ ಸಲ ಅವರ ಜೇಬಿನಲ್ಲಿ ಅವರದೇ ಅಂತ 40 ಡಾಲರ್ ಇತ್ತು. ಅದಕ್ಕೂ ನಾನು ರಸೀದಿ ಕೇಳಿದ್ದೆ.

ಸಂಜೆ ಮನೆಗೆ ಬಂದು ಅಪ್ಪನ ಪಕ್ಕ ಕೂತು "ತಪ್ಪಾಯ್ತು ಅಪ್ಪ" ಎಂದೆ. "ಯಾಕೋ? ಏನಾಯ್ತು?" ಎಂದು ಏನೂ ಗೊತ್ತಿಲ್ಲದವರ ಹಾಗೆ ಟಿವಿ ನೋಡಿದರು. ಶೀಟಿನಲ್ಲಿ ಕೈಖರ್ಚಿನ ಸಾಲಿನ ಮುಂದಿದ್ದ "ಏನು" ಎಂಬ ಕಾಲಂ ಅಳಿಸಿಹಾಕಿದೆ. ಮರುವಾರದಿಂದ ಪ್ರತಿ ಶುಕ್ರವಾರ ಎರಡು ಮುಯ್ಯಿ ಕವರು ಟೇಬಲ್ ಮೇಲೆ ಇಡಲು ಶುರುಮಾಡಿದೆ. ಮೊದಲ ಶನಿವಾರವೇ ಅಪ್ಪ ಕಟಿಂಗ್ ಶಾಪಿಗೆ ಬಿಡು ಎಂದರು. 25 ಡಾಲರ್ ಕೊಟ್ಟು, ಮೇಲೆ ಟಿಪ್ಸ್ ಕೂಡ ಕೊಟ್ಟು, ಕನ್ನಡಿ ನೋಡಿಕೊಂಡು ಹೊರಬಂದರು. "ನಿನ್ನ ಕೈಗಿಂತ ಪರವಾಗಿಲ್ಲ ಕಣೋ" ಎಂದರು. ಆ ದಿನ ಮಾತ್ರ 84ರಿಂದ ಗುಣಿಸಲಿಲ್ಲ.

ಈಗ ಸ್ನೇಹಿತರು ಥೀಮ್ ಪಾರ್ಕಿಗೆ ಹೊರಟಾಗ ನನ್ನ ಶೀಟ್ ಕೇಳುತ್ತಾರೆ. ಕಳಿಸುತ್ತೇನೆ. ಟಿಕೆಟ್, ಪಾರ್ಕಿಂಗ್, ಊಟಕ್ಕೆ ಎಷ್ಟು ಬೇಕಾದರೂ ಕಾಲಂ ಹಾಕಿಕೊಳ್ಳಿ. ಕೈಖರ್ಚಿಗೆ ಮಾತ್ರ ಎಷ್ಟು ಕಳೆದುಹೋದರೂ ಬೇಜಾರಾಗದೋ ಅಷ್ಟನ್ನೇ ಇಟ್ಟು, ಎಲ್ಲರಿಗೂ ಸಮನಾಗಿ ಹಂಚಿ, ಆಮೇಲೆ ಮರೆತುಬಿಡಿ. ಹಿರಿಯರು ಜೊತೆಗಿದ್ದರೆ ಅವರ ಪಾಲನ್ನು ಮೊದಲು ಕೊಡಿ. ಬಿಡದಿಗೆ ಹೋದರೂ ಅಷ್ಟೇ, ಒರ್ಲ್ಯಾಂಡೊಗೆ ಹೋದರೂ ಅಷ್ಟೇ.

ಆ 40 ಡಾಲರ್ ಏನಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನ ಷರ್ಟ್ ಒಗೆಯಲು ಹಾಕುವಾಗ ಅಮ್ಮ ಜೇಬಿನ ಅಂಚಿನಲ್ಲಿದ್ದ ಚಾಕೊಲೇಟ್ ಕಲೆಯನ್ನು ಉಜ್ಜುತ್ತಿದ್ದರು. ಅಲ್ಲಿ ಮಿಕ್ಕಿ ಆಕಾರದ ಚಾಕೊಲೇಟ್ ಐಸ್‌ಕ್ರೀಂ ಕಡ್ಡಿಗೆ ಆರು ಡಾಲರ್ ಚಿಲ್ಲರೆ. ಅದು ಸರಿ, ಮಿಕ್ಕ ಮೂವತ್ತು ಚಿಲ್ಲರೆ? ಅಮ್ಮನಿಗೆ ಗೊತ್ತಿರಬಹುದು. ನಾನು ಕೇಳಲಿಲ್ಲ.

ಮೊನ್ನೆ ಊರಿಂದ ಅಪ್ಪ ಫೋನ್ ಮಾಡಿದ್ದರು. "ಡಾಲರ್ ಈಗ ಎಷ್ಟೋ?" ಎಂದರು. ಎಂಬತ್ತೆಂಟು ದಾಟಿದೆ ಎಂದೆ.

"ಅಯ್ಯೋ, ಮಗ್ಗಿ ಮತ್ತೆ ಕಲೀಬೇಕಲ್ಲಪ್ಪ!"