ಬೀಗದೊಳಗಿನ ಪೆಟ್ಟಿಗೆ

ನಾವು ಐದನೇ ಜಮಾತಿನಲ್ಲಿದ್ದಾಗ ನಮ್ಮ ಉರ್ದು ಶಾಲೆಯ ಕಪಾಟಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದಿತ್ತು. ಬಿಳಿ ತಗಡಿನದು, ಮೇಲೆ ಕೆಂಪು ಗುರುತು. ಆಗಸ್ಟ್ ಹದಿನೈದರ ಹಿಂದಿನ ದಿನ ಅದನ್ನು ಒರೆಸುವುದು ನಮ್ಮ ಕೆಲಸ. ಒಳಗೇನಿದೆಯೆಂದು ಯಾರೂ ನೋಡಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಜೊತೆಯ ಹುಡುಗನೊಬ್ಬ ಒಡೆದ ಕಿಟಕಿಯ ಗಾಜಿಗೆ ಕೈ ಕೊಯ್ದುಕೊಂಡ. ಕಪಾಟಿನ ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿತ್ತು, ಹೆಡ್‌ಮಾಸ್ತರರು ಮೀಟಿಂಗಿಗೆ ಹೋಗಿದ್ದರು. ಆಪಾ ತಮ್ಮ ದುಪಟ್ಟಾದ ತುದಿ ಹರಿದು ಗಾಯಕ್ಕೆ ಒತ್ತಿ ಹಿಡಿದರು. ಅದೇ ಆವರಣದ ಕನ್ನಡ ಶಾಲೆಯ ಮಾಸ್ತರರು ಅವನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ದವಾಖಾನೆಗೆ ಒಯ್ದರು. ಮರುದಿನ ಪೆಟ್ಟಿಗೆ ತೆರೆದರೆ ಒಣಗಿದ ಟಿಂಚರ್ ಬಾಟಲಿ, ಹಳದಿಗಟ್ಟಿದ ಹತ್ತಿ. ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ಎರಡೂ ಸರಿಯಾಗಿಯೇ ಇದ್ದವು. ಗೆಳೆಯನ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ತಡವಾದದ್ದಕ್ಕೋ, ಗಾಜು ನರಕ್ಕೆ ತಾಗಿದ್ದಕ್ಕೋ, ಈಗ ಹೇಳುವವರಿಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ಹಬ್ಬಿ 94 ಮಕ್ಕಳು ಸತ್ತರು. ಶಾಲೆಗಳಲ್ಲಿ ಬೆಂಕಿ ನಂದಿಸುವ ಸಾಧನ ಇರಬೇಕು, ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿ ಆಗಬೇಕು ಎಂದು 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ನಮ್ಮ ಮಕ್ಕಳು ಈಗ ಹೋಗುವ ಸರ್ಕಾರಿ ಶಾಲೆಯಲ್ಲಿ ಸಾಧನವೇನೋ ಇದೆ. ಎಸ್‌ಡಿಎಂಸಿಗೆ ಸೇರಿದ ಮೇಲೆ ನಾವು ಕೆಲವು ಪಾಲಕರು ಅದನ್ನು ಹುಡುಕಿ ಹೋದೆವು. ಆಫೀಸು ಕೋಣೆಯಲ್ಲಿ, ನಕಾಶೆಗಳ ಹಿಂದೆ ನಿಂತಿತ್ತು. ಒತ್ತಡ ತೋರಿಸುವ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿತ್ತು. ಗ್ಯಾಸ್ ಒಲೆ ಇರುವುದು ಬಿಸಿಯೂಟದ ಕೋಣೆಯಲ್ಲಿ, ಅಂಗಳದ ಆಚೆ ತುದಿಗೆ. ಅಡುಗೆಯ ಅಕ್ಕನನ್ನು ಕೇಳಿದೆವು. "ಅದನ್ನ ಮುಟ್ಟಬ್ಯಾಡ ಅಂದಾರ್ರಿ ಅಣ್ಣಾ, ರಿಜಿಸ್ಟರ್‌ನ್ಯಾಗ ಐತಂತ" ಎಂದರು.

ಮೂವತ್ತು ವರ್ಷಗಳ ಹಿಂದಿನ ಕೀಲಿ ನಮಗೆ ಅರ್ಥವಾದದ್ದು ಆಗಲೇ. ಖರ್ಚಾದ ಬ್ಯಾಂಡೇಜು ಲೆಕ್ಕದಲ್ಲಿ ಕೊರತೆ. ಕೊರತೆಗೆ ಉತ್ತರ ಹೇಳಬೇಕಾದವರು ಮಾಸ್ತರರು. ಹಾಗಾಗಿ ಸಾಮಾನು ಸುರಕ್ಷಿತವಾಗಿ ಉಳಿಯುತ್ತದೆ. ಅವರನ್ನಷ್ಟೇ ಬಯ್ದು ಏನು ಪ್ರಯೋಜನ? ತಪಾಸಣೆಗೆ ಬಂದವರೂ ಪೆಟ್ಟಿಗೆ ಇದೆಯೇ ಎಂದಷ್ಟೇ ಕೇಳುತ್ತಾರೆ.

ಇನ್ನು ಕೆಲವು ಆಪತ್ತುಗಳಿಗೆ ಪೆಟ್ಟಿಗೆಯೂ ಸಾಲದು. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಸರ್ಕಾರಿ ಶಾಲೆಯಲ್ಲಿ, ತರಗತಿಯೊಳಗೇ ಹಾವು ಕಚ್ಚಿ ಐದನೇ ತರಗತಿಯ ಬಾಲಕಿ ತೀರಿಕೊಂಡಳು. ಆಸ್ಪತ್ರೆಗೆ ಒಯ್ಯುವುದು ತಡವಾಯಿತೆಂದು ಜೊತೆಯ ಮಕ್ಕಳೇ ಹೇಳಿದರು. ಹಾವು ಕಚ್ಚಿದಾಗ ಹಗ್ಗ ಬಿಗಿಯಬಾರದು, ಗಾಯ ಕೊಯ್ಯಬಾರದು. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಮುಟ್ಟಿಸಬೇಕು. ನಮ್ಮೂರಲ್ಲಿ ಅದು ಎಲ್ಲಿ ಸಿಗುತ್ತದೆಂದು ನಾವು ಆ ವಾರವೇ ವಿಚಾರಿಸಿ, 108 ಸಂಖ್ಯೆಯ ಜೊತೆಗೆ ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದೆವು. ಉರ್ದು ಅಕ್ಷರ ಬರೆಯಲು ಪೇಂಟರ್ ಸಿಗಲಿಲ್ಲ, ನಾವೇ ಕುಂಚ ಹಿಡಿದದ್ದಾಯಿತು.

ನಂದಕವನ್ನು ತುಂಬಿಸಿ ಅಡುಗೆಕೋಣೆಯ ಬಾಗಿಲ ಬಳಿ ತೂಗುಹಾಕಿದೆವು. ಪಿನ್ನು ಎಳೆದು ಬೆಂಕಿಯ ಬುಡಕ್ಕೆ ಹಿಡಿಯುವುದನ್ನು ತುಂಬಿಸಿದವನೇ ಅಕ್ಕನಿಗೆ ಕಲಿಸಿದ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಈಗ ಜಗುಲಿಯ ಮೊಳೆಯಲ್ಲಿದೆ, ಬೀಗವಿಲ್ಲ. ಬಳಸಿದ್ದನ್ನು ಖರ್ಚೆಂದೇ ಬರೆಯಬೇಕೆಂದು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿದೆವು.

ಮೊದಲ ತಿಂಗಳೇ ಕತ್ತರಿ ಕಾಣೆಯಾಯಿತು. ಹೆಡ್‌ಮಾಸ್ತರರು ಮತ್ತೆ ಬೀಗದ ಮಾತೆತ್ತಿದರು. ಸಂಜೆ ಪೇಟೆಗೆ ಹೋಗಿ ನಾವು ಇನ್ನೊಂದು ಕತ್ತರಿ ತಂದಿಟ್ಟೆವು.