ಓಟು ಕೇಳೋಕೆ ಹೋದಾಗ...

2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಚುನಾವಣೆಗೆ ನಾನೂ ನಿಂತಿದ್ದೆ ಕಣ್ರೀ! ಮಗಳ ಶಾಲೆಯ ಎಸ್‌ಡಿಎಂಸಿಯಲ್ಲಿ ಬಿಸಿಯೂಟ, ನಲ್ಲಿ ಅಂತ ಓಡಾಡಿದ್ದಷ್ಟೇ ನನ್ನ ರಾಜಕೀಯ. ಪಂಚಾಯ್ತಿಗೆ ಪಕ್ಷದ ಚಿಹ್ನೆ ಇಲ್ಲ (ಯಾರು ಯಾವ ಪಕ್ಷ ಅಂತ ಊರಿಗೆಲ್ಲಾ ಗೊತ್ತು ಬಿಡಿ).

ವರವು ಕಾವಲಿನ ಅಂಚಿನ ಮನೆಗಳಲ್ಲಿ ಮಾತ್ರ ಶಾಲೆಯ ಮಾತು ನಡೀಲಿಲ್ಲ. 4,290 ಎಕರೆ ಡಿಆರ್‌ಡಿಒಗೆ ಹೋಗಿ, 2017ರಲ್ಲಿ ವಿಮಾನ ಪರೀಕ್ಷೆಯ ಕೇಂದ್ರವೂ ಉದ್ಘಾಟನೆಯಾಯ್ತು. ಕುರಿ ಮೇಯುತ್ತಿದ್ದ ಹುಲ್ಲು ಈಗ ಗೋಡೆಯಾಚೆ.

"ಕಾವಲು ಬಿಡಿಸ್ಕೊಡ್ತೀಯೇನವ್ವಾ?" ಅಂದ್ರು ಒಬ್ಬ ಅಜ್ಜ.

"ಆಗಲ್ಲಜ್ಜಾ, ಅದು ಪಂಚಾಯ್ತಿ ಕೈಲಿಲ್ಲ."

ಜೊತೆಗಿದ್ದವಳು ನನ್ನ ಕಾಲು ತುಳಿದಳು! ಅಜ್ಜ ಕಂಬಳಿ ಹೊದ್ದುಕೊಂಡು, "ಕುರಿಗೆ ನೀರಿನ ತೊಟ್ಟಿನಾದ್ರೂ ಕಟ್ಸು" ಅಂದ್ರು.

30ನೇ ತಾರೀಖು ಎಣಿಕೆ. ಸೋತೆ. ತೊಟ್ಟಿಯ ಅರ್ಜಿ ಮಾತ್ರ ಕೊಟ್ಟೆ... ಗ್ರಾಮಸಭೆಯಲ್ಲಿ ಬಾಯಿ ಬಿಡೋಕೆ ಮೆಂಬರೇ ಆಗಿರಬೇಕು ಅಂತೇನಿಲ್ವಲ್ಲ!