ಹಳೆಯ ಟ್ರಾಕ್ಟರಿನ ನಾಡಿ

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹದಗೊಂಡಾಗ ರೈತನಿಗೆ ಒಂದೊಂದು ದಿನವೂ ಅಮೂಲ್ಯ. ಅಂಥ ವೇಳೆಯಲ್ಲಿಯೇ ಹಳೆಯ ಪುಟ್ಟ ಟ್ರಾಕ್ಟರು ಮುಷ್ಕರ ಹೂಡುವುದುಂಟು. ಎಂಜಿನ್ನು ಎಂದಿನಂತೆ ಗುಡುಗುತ್ತದೆ, ಗಾಲಿಗಳು ಉರುಳುತ್ತವೆ. ಹಿಂದೆ ಕಟ್ಟಿದ ನೇಗಿಲು ಮಾತ್ರ ನೆಲಬಿಟ್ಟು ಮೇಲೇಳುವುದಿಲ್ಲ. ನೆರೆದವರಲ್ಲಿ ಒಬ್ಬ ‘ಪಂಪು ಹೋಯಿತು’ ಎನ್ನುತ್ತಾನೆ. ಮತ್ತೊಬ್ಬ ‘ಗಾಡಿಯನ್ನೇ ಮಾರಿಬಿಡು’ ಎನ್ನುತ್ತಾನೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದುಂಟೆ?

ನೇಗಿಲನ್ನು ಎತ್ತುವುದು ಎಣ್ಣೆಯ ಒತ್ತಡ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ನಿರೂಪಿಸಿದನು. ಅದನ್ನು ಉಳುಮೆಗೆ ಒಗ್ಗಿಸಿದವರಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಪ್ರಮುಖನು. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಗತೊಡಗಿದ ಅವನ ಬೂದುಬಣ್ಣದ ಪುಟ್ಟ ಟ್ರಾಕ್ಟರು, ಮೂರು ಕೊಂಡಿಗಳಿಂದ ಬೆನ್ನಿಗೆ ಕಟ್ಟಿಕೊಂಡ ನೇಗಿಲನ್ನು ಒಂದು ಹಿಡಿಯ ಅಲುಗಾಟಕ್ಕೆ ಎತ್ತಿ ಇಳಿಸುತ್ತಿತ್ತು. ಅದೇ ಬಗೆಯ ಏರ್ಪಾಟು ಕನ್ನಡನಾಡಿನ ಹೊಲಗಳಲ್ಲಿ ಓಡಾಡುವ ಟ್ರಾಕ್ಟರುಗಳಲ್ಲಿಯೂ ಇದೆ. ಎಣ್ಣೆಯು ತೊಟ್ಟಿಯಿಂದ ಹೊರಟು, ಜಾಲರಿಯಲ್ಲಿ ಸೋಸಿಹೋಗಿ, ಪಂಪಿನಿಂದ ಒತ್ತಡ ಪಡೆದು, ಕವಾಟವನ್ನು ದಾಟಿ, ಸಿಲಿಂಡರಿನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಹಿಂದಿನ ತೋಳುಗಳನ್ನು ಎತ್ತುತ್ತದೆ.

ಈ ದಾರಿಯನ್ನು ಬಲ್ಲವನು ರೋಗವನ್ನೂ ಬಲ್ಲನು. ಅವನು ಮೊದಲು ತಿರುಪುಗಳನ್ನು ಬಿಚ್ಚುವುದಿಲ್ಲ. ಎಣ್ಣೆಯ ಮಟ್ಟವನ್ನು ನೋಡುತ್ತಾನೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿರಬೇಕು; ನೊರೆಯೆದ್ದಿದ್ದರೆ, ಸಡಿಲವಾದ ಕೊಳವೆಯ ಬೆಸುಗೆಯಲ್ಲಿಯೋ ಕೀಲಿನಲ್ಲಿಯೋ ಗಾಳಿ ನುಸುಳಿರಬೇಕು. ನೇಗಿಲು ಚೆನ್ನಾಗಿ ಮೇಲೆದ್ದು, ಎಂಜಿನ್ನು ನಿಲ್ಲಿಸಿದೊಡನೆ ಮೆಲ್ಲಮೆಲ್ಲನೆ ಇಳಿದರೆ ಪಂಪನ್ನು ದೂರಲಾಗದು. ಎತ್ತುವ ಕೆಲಸವನ್ನು ಅದು ಮಾಡಿ ಮುಗಿಸಿದೆ. ಹಿಡಿದಿಡಬೇಕಾದ ಪಿಸ್ಟನ್ನಿನ ಸೀಲು ಅಥವಾ ಕವಾಟ ಸೋರುತ್ತಿದೆ. ಬೆಳಗ್ಗೆ ಸರಾಗವಾಗಿ ಎತ್ತಿದ ಯಂತ್ರ ಬಿಸಿಯೇರಿದಂತೆ ಸೋತರೆ, ತೆಳುವಾದ ಎಣ್ಣೆಯು ಸವೆದ ಭಾಗಗಳ ಸಂದಿನಲ್ಲಿ ಜಾರಿಹೋಗುತ್ತಿದೆಯೆಂದು ಊಹಿಸಬಹುದು.

ಇಷ್ಟೆಲ್ಲ ಪರೀಕ್ಷೆಗೂ ಮುನ್ನ ಪಾಲಿಸಬೇಕಾದ ನಿಯಮಗಳಿವೆ. ಎತ್ತಿದ ನೇಗಿಲಿನ ಕೆಳಗೆ ಎಂದಿಗೂ ನುಸುಳಬಾರದು. ಅದನ್ನು ನೆಲಕ್ಕಿಳಿಸಿದ ಮೇಲೆಯೇ ಕೈಹಾಕಬೇಕು. ಸೋರುವ ಕೊಳವೆಯನ್ನು ಬೆರಳಿನಿಂದ ತಡವಬಾರದು. ಕೂದಲೆಳೆಯ ರಂಧ್ರದಿಂದ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮವನ್ನು ಹೊಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗದಿದ್ದರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಸೋರಿಕೆಯನ್ನು ರಟ್ಟಿನ ಚೂರೊಂದನ್ನು ಅಡ್ಡಹಿಡಿದು ಪತ್ತೆಮಾಡಬೇಕು.

ಇನ್ನೊಂದು ಲಕ್ಷಣವುಂಟು. ಕೆಲವೊಮ್ಮೆ ಪಂಪು ಕರ್ಕಶವಾಗಿ ನರಳುತ್ತದೆ. ಕೇಳಿದವರು ತಪ್ಪನ್ನು ಅದರ ಮೇಲೆಯೇ ಹೊರಿಸುತ್ತಾರೆ; ಸಾವಿರಾರು ರೂಪಾಯಿ ತೆತ್ತು ಹೊಸದನ್ನು ತರುತ್ತಾರೆ. ಹೊಸ ಪಂಪೂ ಹಾಗೆಯೇ ನರಳುತ್ತದೆ. ಏಕೆಂದರೆ ಕಸ ಕಟ್ಟಿಕೊಂಡಿದ್ದುದು ಜಾಲರಿಯಲ್ಲಿ. ಎಣ್ಣೆ ಸಾಲದೆ ಪಂಪು ಸಂಕಟಪಡುತ್ತಿತ್ತು, ಅಷ್ಟೆ. ಜಾಲರಿಯನ್ನು ತೊಳೆಯಲು ಬೇಕಾದುದು ಒಂದಿಷ್ಟು ಸಮಯ, ಒಂದಿಷ್ಟು ತಾಳ್ಮೆ.

ನೋವು ಕೇಳಿಬರುವ ಸ್ಥಳವೇ ದೋಷದ ಸ್ಥಳವಾಗಿರಬೇಕೆಂದಿಲ್ಲ. ಮನೆಯಲ್ಲಾಗಲಿ ಊರಿನಲ್ಲಾಗಲಿ, ಕೂಗಿಕೊಂಡವನನ್ನೇ ತಪ್ಪಿತಸ್ಥನೆಂದು ಭಾವಿಸುವುದು ಸುಲಭ. ಅವನಿಗೆ ಸಲ್ಲಬೇಕಾದುದು ಎಲ್ಲಿ ತಡೆದು ನಿಂತಿದೆಯೆಂದು ಹುಡುಕುವುದು ಕಷ್ಟ. ಹಳೆಯ ಯಂತ್ರವನ್ನು ದುರಸ್ತಿಮಾಡುವವನ ನಿಜವಾದ ವಿದ್ಯೆ ಈ ಹುಡುಕಾಟವೇ ಆಗಿದೆ.